ಅಲಗು ಅವರದು, ಹಿಡಿ ನಮ್ಮದು

ಹಗಲೆಲ್ಲ ಕೋಡ್ ಬರೆದು ರಾತ್ರಿ ಬೊಂಬೆ ಸೈನಿಕರಿಗೆ ಕತ್ತಿ ಹುಡುಕ್ತೀನಿ ಅಂದ್ರೆ ಮನೆಯವರೇ ನಗ್ತಾರೆ. ನೀವೂ ನಗಿ, ಅಡ್ಡಿಯಿಲ್ಲ. ಹಳೆಯ ಯುದ್ಧಗಳನ್ನು ಪುಟ್ಟ ಬೊಂಬೆಗಳಿಟ್ಟು ಮೇಜಿನ ಮೇಲೆ ಆಡೋ ವಾರ್‌ಗೇಮಿಂಗ್ ನನ್ನ ಹುಚ್ಚು. ಸೈನಿಕನ ಎತ್ತರ 28 ಮಿಲಿಮೀಟರ್. ಅವನ ಕತ್ತಿ ಎರಡು ಭತ್ತದ ಕಾಳಿನಷ್ಟುದ್ದ.

ನಮ್ಮ ಬೀದರ್ ಸೀಮೆ ಹಿಂದೆ ನಿಜಾಮರದು. ಹಾಗಾಗಿ 1840ರ ದಶಕದ ನಿಜಾಮರ ಕುದುರೆ ಸವಾರರನ್ನು ಮಾಡಬೇಕು ಅಂತ ನನಗೆ ಆಸೆ. ತೊಡಕು ಕತ್ತಿಯದೇ. ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಸಿಗೋದು ಬಹುಪಾಲು ಯುರೋಪಿನ ಕತ್ತಿಗಳು. ನಮ್ಮ ತಲ್ವಾರಿಗೆ ಹಿಡಿಯ ತುದಿಯಲ್ಲಿ ದುಂಡನೆ ತಟ್ಟೆ ಇರುತ್ತೆ, ಅದೇ ಅದರ ಗುರುತು. ಬಾಗಿದ ಅಲಗು ಬೇಕಂದ್ರೆ ನೆಪೋಲಿಯನ್ ಕಾಲದ ಬ್ರಿಟಿಷ್ ಸವಾರರ ಕಿಟ್ಟಿನಲ್ಲಿರೋ 1796ರ ಮಾದರಿಯ ಕತ್ತಿ ಸಿಗುತ್ತೆ. ಅದನ್ನು ಕತ್ತರಿಸಿ ಅಂಟಿಸಿದರೆ ಇತಿಹಾಸಕ್ಕೆ ಮೋಸ ಆಗಲ್ವೇ?

ಆಗಲ್ಲ. ಬ್ರಿಟಿಷ್ ಅಶ್ವದಳದ ಕ್ಯಾಪ್ಟನ್ ಲೂಯಿಸ್ ನೋಲನ್ 1853ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನಿಜಾಮರ ಸವಾರರ ಕತ್ತಿಗಳ ಮಾತು ಬರುತ್ತೆ. ಅವರ ಹೊಡೆತದ ಭೀಕರತೆ ಕಂಡು ಬೆರಗಾಗಿ ವಿಚಾರಿಸಿದರೆ, ಅಲಗುಗಳು ಬಹುಪಾಲು ಬ್ರಿಟಿಷರೇ ಬೇಡವೆಂದು ಬಿಸಾಕಿದ ಹಳೆಯವು! ಸವಾರರು ಅವಕ್ಕೆ ತಮ್ಮ ಹಿಡಿ ಕೂರಿಸಿ, ಕ್ಷೌರದ ಕತ್ತಿಯಂತೆ ಮಸೆದು, ಮರದ ಒರೆಯಲ್ಲಿ ಇಟ್ಟುಕೊಂಡಿದ್ದರು. ಬ್ರಿಟಿಷರ ಒರೆ ಲೋಹದ್ದು. ಎಳೆದಾಗ, ಸೇರಿಸಿದಾಗ ಉಜ್ಜಿ ಉಜ್ಜಿ ಅಲಗು ಮೊಂಡಾಗುತ್ತಿತ್ತು. ಅದೇ ಉಕ್ಕು, ಜೋಪಾನ ಮಾತ್ರ ಬೇರೆ.

ನಮ್ಮ ಪೂರ್ವಿಕರ ಕತ್ತಿಯಲ್ಲಿ ಏನೋ ಗುಪ್ತವಿದ್ಯೆ ಇತ್ತು ಅಂತ ಎದೆಯುಬ್ಬಿಸೋರಿಗೆ ಇದು ಸಪ್ಪೆ ಅನ್ನಿಸಬಹುದು. ಹಳ್ಳಿಯಲ್ಲಿ ಬೆಳೆದ ನನಗೆ ಇದರಲ್ಲೇ ಹೆಮ್ಮೆ. ಕುಡುಗೋಲಿನ ಹಿಡಿ ಮುರಿದರೆ ಅಲಗನ್ನು ಯಾರೂ ಎಸೆಯಲ್ಲ. ಬಡಿಗ ಹೊಸ ಹಿಡಿ ಹಾಕ್ತಾನೆ, ಮಸೆದು ಮತ್ತೆ ಕೊಯ್ಲಿಗೆ ಹೋಗ್ತೀವಿ. ಅದು ಯಾವ ಸಂತೆಯಿಂದ ಬಂತು ಅಂತ ಬೆಳೆ ಕೇಳಲ್ಲ.

ಈಗ ನನ್ನ ಕೆಲಸವೂ ಅಷ್ಟೇ. ಬ್ರಿಟಿಷ್ ಕತ್ತಿಯ ಹಿಡಿಯನ್ನೂ ಬೆರಳು ಕಾಯೋ ಕಂಬಿಯನ್ನೂ ಬ್ಲೇಡಿನಿಂದ ತೆಗೀತೀನಿ. ಹಳದಿ, ನೀಲಿ ಎಪಾಕ್ಸಿ ಪುಟ್ಟಿ ಕಲಸಿದರೆ ಹಸಿರಾಗುತ್ತೆ. ಅದರಲ್ಲಿ ಸಾಸಿವೆಗಿಂತ ಚಿಕ್ಕ ಉಂಡೆ ಮಾಡಿ ಒತ್ತಿದರೆ ತಲ್ವಾರಿನ ತಟ್ಟೆ ರೆಡಿ. ನೀವೂ ಮಾಡೋದಿದ್ರೆ ಒಂದು ಮಾತು: ಒರೆಗೆ ಮಾತ್ರ ಬೆಳ್ಳಿ ಬಣ್ಣ ಬಳಿಯಬೇಡಿ. ಅದು ಮರದ್ದು.