ಪ್ರಾರ್ಥನೆಯ ನಡುವೆ ಕರೆಗಂಟೆ

ದೆಹಲಿಯ ಸರಕಾರಿ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತು. ಊಟಕ್ಕೆ ಕುಳಿತಾಗ, ಮಗುವನ್ನು ಆಗ ತಾನೇ ಮಲಗಿಸಿದಾಗ, ದೇವರ ಮುಂದೆ ಕಣ್ಣು ಮುಚ್ಚಿದಾಗ, ಈ ಮೂರು ಹೊತ್ತಿನಲ್ಲಿ ಬಾಗಿಲ ಕರೆಗಂಟೆ ಕೂಗದೆ ಇರುವುದಿಲ್ಲ.

ನಮಗೆ ಸರೋಜಿನಿ ನಗರದಲ್ಲಿ ಮನೆ ಸಿಕ್ಕಿದ್ದು ೧೯೮೬ರಲ್ಲಿ. ಹಳಬರು ಕೆಲವರು ಆಗಲೂ ಅದನ್ನು ವಿನಯ ನಗರವೆಂದೇ ಕರೆಯುತ್ತಿದ್ದರು. ಮೇಲಂತಸ್ತಿನಲ್ಲಿ ಎರಡು ಕೋಣೆ, ಒಂದು ಅಡಿಗೆಮನೆ, ಬಟ್ಟೆ ಒಣಗಿಸಲು ಅಂಗೈಯಗಲದ ಬಾಲ್ಕನಿ. ಮನೆ ಚಿಕ್ಕದಾದರೂ ಗಂಟೆ ಒತ್ತುವವರಿಗೆ ಬರವಿರಲಿಲ್ಲ. ಇಸ್ತ್ರಿಯವನು ಬಂದ, ಹಳೆಯ ಪೇಪರಿಗಾಗಿ ಕಬಾಡಿಯವನು ಬಂದ, ಪಕ್ಕದ ಪಂಜಾಬಿ ಮನೆಯ ಹುಡುಗ ನಮ್ಮ ಬಾಲ್ಕನಿಗೆ ಬಿದ್ದ ಚೆಂಡು ಕೇಳಿಕೊಂಡು ಬಂದ, ಎದುರುಮನೆಯಾಕೆ ಮೊಸರಿಗೆ ಹೆಪ್ಪು ಬೇಕೆಂದು ಬಟ್ಟಲು ಹಿಡಿದು ಬಂದರು.

ನಮ್ಮದು ಮಂಗಳೂರಿನ ಕ್ರೈಸ್ತ ಮನೆತನ. ೧೮೩೪ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಅಲ್ಲಿ ಬೆಳೆದ ಸಭೆಗಳಲ್ಲೊಂದಕ್ಕೆ ಸೇರಿದವರು. ದೀಪ ಹೊತ್ತಿಸುವ ವೇಳೆಗೆ ಮನೆಮಂದಿಯೆಲ್ಲ ಕುಳಿತು, ಒಂದು ಗೀತೆ ಹಾಡಿ, ಸತ್ಯವೇದದ ಒಂದು ಅಧ್ಯಾಯ ಓದಿ, ಪ್ರಾರ್ಥಿಸುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ರೂಢಿ. ಊರಿನಲ್ಲಿ ಅಜ್ಜಿ ಓದುತ್ತಿರುವಾಗ ಯಾರಾದರೂ ಅಂಗಳಕ್ಕೆ ಬಂದರೆ, ಆಕೆ ಓದಿದ ಸಾಲಿನ ಮೇಲೆ ಬೆರಳಿಟ್ಟು ಪುಸ್ತಕ ಮುಚ್ಚಿ ಏಳುತ್ತಿದ್ದರು. ಬಂದವರಿಗೆ ಬೆಲ್ಲ, ನೀರು ಕೊಡಿಸಿ, ಅವರ ಮಾತು ಪೂರ್ತಿ ಕೇಳಿ, ಮತ್ತೆ ಬೆರಳಿದ್ದಲ್ಲಿಂದ ಓದು ಮುಂದುವರಿಸುತ್ತಿದ್ದರು. ಚಿಕ್ಕವರಾದ ನಮಗೆ ಆ ಬೆರಳು ಕಂಡಿತ್ತು. ಅದರ ಅರ್ಥ ಕಂಡಿರಲಿಲ್ಲ.

ದೆಹಲಿಯಲ್ಲಿ ನಮಗೆ ಭಾನುವಾರದ ಆರಾಧನೆ ಇಂಗ್ಲಿಷಿನಲ್ಲಿ, ಇಲ್ಲವೆ ಹಿಂದಿಯಲ್ಲಿ. ಕಚೇರಿಯದು ಇಂಗ್ಲಿಷ್, ಬಸ್ಸಿನದು ಹಿಂದಿ. ದೇವರೊಡನೆ ಕನ್ನಡದಲ್ಲಿ ಮಾತಾಡಲು ನಮಗಿದ್ದದ್ದು ಸಂಜೆ ಏಳರಿಂದ ಏಳೂವರೆಯವರೆಗಿನ ಅರ್ಧ ಗಂಟೆ ಮಾತ್ರ. ನಮ್ಮ ಮಗಳು ಕನ್ನಡ ಅಕ್ಷರಗಳನ್ನು ಕೂಡಿಸಿ ಓದಲು ಕಲಿತದ್ದೂ ಆ ಅರ್ಧ ಗಂಟೆಯಲ್ಲೇ. ಆ ಹೊತ್ತಿಗೆ ಗಂಟೆ ಕೂಗಿದರೆ ಭಕ್ತಿಗೂ ಭಂಗ, ಭಾಷೆಗೂ ಭಂಗ. ಆದ್ದರಿಂದ ಒಂದು ನಿಯಮ ಮಾಡಿಕೊಂಡೆವು: ಪ್ರಾರ್ಥನೆಯ ವೇಳೆಯಲ್ಲಿ ಯಾರೇ ಬಂದರೂ ಬಾಗಿಲು ತೆರೆಯುವುದಿಲ್ಲ. ಆದರೆ ಗೀತೆ ಮೆಟ್ಟಿಲವರೆಗೆ ಕೇಳಿಸುತ್ತಿರುವಾಗ ಮನೆಯಲ್ಲಿಲ್ಲವೆಂದು ಸೋಗು ಹಾಕುವುದು ಹೇಗೆ? ಹಾಡಿನ ದನಿಯನ್ನೇ ತಗ್ಗಿಸಿದೆವು! ನೆರೆಯವರಿಗೆ ಕೇಳಿಸದಂತೆ ದೇವರನ್ನು ಸ್ತುತಿಸಿದವರು ನಾವು.

೨೦೦೫ನೆಯ ಇಸವಿಯ ಅಕ್ಟೋಬರ್ ೨೯, ಶನಿವಾರ. ದೀಪಾವಳಿಗೆ ಮೂರೇ ದಿನ. ಮರುದಿನದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೊರಟಿದ್ದ ಪರಿಚಿತರೊಬ್ಬರ ಕೈಯಲ್ಲಿ ತಂಗಿಯ ಮಕ್ಕಳಿಗೆ ಕ್ರಿಸ್ಮಸ್ ಉಡುಪು ಕಳಿಸಬೇಕಾಗಿತ್ತು. ಉಡುಪೆಂದರೆ ಸರೋಜಿನಿ ಮಾರ್ಕೆಟ್ ಇದ್ದೇ ಇದೆಯಲ್ಲ! ಐದೂಕಾಲಿಗೆ ಚೀಲ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಾಗ ಗಂಟೆ ಕೂಗಿತು. ಕೆಳಗಿನ ಮನೆಯ ಮಾತಾಜಿ. ಗಢವಾಲದ ಕಡೆಯವರು, ವಿಧವೆ, ಮಗನ ಕ್ವಾರ್ಟರ್ಸಿನಲ್ಲಿದ್ದರು. ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ಬ್ಯಾಂಕಿಗೆ ಕೊಡಬೇಕಾದ ಪ್ರಮಾಣಪತ್ರದ ಫಾರ್ಮು ಅವರ ಕೈಯಲ್ಲಿತ್ತು. ಮಗ ಪರವೂರಿಗೆ ಹೋಗಿದ್ದಾನೆ, ಈಗಲೇ ತುಂಬಿಕೊಡಿ ಎಂದರು.

ನವೆಂಬರ್ ಇನ್ನೂ ಹುಟ್ಟಿರಲಿಲ್ಲ, ಆತುರವೇನಿರಲಿಲ್ಲ. ಆದರೂ ಮೆಟ್ಟಿಲು ಹತ್ತಿ ಬಂದ ಮುದುಕಿಗೆ ನಾಳೆ ಬನ್ನಿ ಎನ್ನಲು ನಾಲಿಗೆ ಏಳಲಿಲ್ಲ. ಗೊಣಗುತ್ತಲೇ ಪೆನ್ನು ತೆಗೆದೆವು. ಪಿಂಚಣಿ ಸಂಖ್ಯೆ ಬೇಕೆಂದಾಗ ಪಾಸ್‌ಬುಕ್ಕಿಗಾಗಿ ಕೆಳಗಿಳಿದರು, ನಿಧಾನವಾಗಿ ಹತ್ತಿ ಬಂದರು. ಕನ್ನಡಕಕ್ಕಾಗಿ ಮತ್ತೊಮ್ಮೆ ಇಳಿದರು. ಬರೆದದ್ದನ್ನೆಲ್ಲ ಎರಡು ಸಲ ಓದಿಸಿ ಕೇಳಿದರು. ಆರು ಗಂಟೆ ದಾಟಿದ್ದಷ್ಟೇ, ಕಿಟಕಿಯ ಗಾಜುಗಳು ನಡುಗುವಂಥ ಸದ್ದು. ಸಿಲಿಂಡರ್ ಸಿಡಿಯಿತೆಂದು ಯಾರೋ ಕೂಗಿದರು. ಮಾರ್ಕೆಟ್ಟಿನ ಕಡೆಯಿಂದ ಹೊಗೆ ಎದ್ದಿತ್ತು.

ಅಂದು ಪಹಾಡ್‌ಗಂಜ್, ಗೋವಿಂದಪುರಿ ಮತ್ತು ನಮ್ಮ ಸರೋಜಿನಿ ನಗರಗಳಲ್ಲಿ ಆದ ಸ್ಫೋಟಗಳಲ್ಲಿ ೬೦ಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ಸತ್ತದ್ದು ನಮ್ಮ ಮಾರ್ಕೆಟ್ಟಿನಲ್ಲಿ. ಪಕ್ಕದ ಸಾಲಿನ ಮನೆಯವರೊಬ್ಬರು ಹಣತೆ ತರಲು ಹೋದವರು ಬಂದಿರಲಿಲ್ಲ, ಫೋನು ಸಿಗುತ್ತಿರಲಿಲ್ಲ. ಅವರು ಹತ್ತು ಗಂಟೆಗೆ ಮೈತುಂಬ ಮಸಿ ಮಾಡಿಕೊಂಡು ಬರುವವರೆಗೆ ಅವರ ಹೆಂಡತಿಯ ಪಕ್ಕದಲ್ಲಿ ಕುಳಿತಿದ್ದೆವು. ಏಳು ಗಂಟೆ ಬಂದದ್ದು, ಹೋದದ್ದು ನಮಗೆ ತಿಳಿಯಲಿಲ್ಲ.

ಮುಂದಿನ ವಾರ ಪ್ರಾರ್ಥನಾಕೂಟದಲ್ಲಿ ಸಾಕ್ಷಿ ಹೇಳಿದೆವು. ಫಾರ್ಮಿನ ನೆಪದಲ್ಲಿ ದೇವರೇ ನಮ್ಮನ್ನು ತಡೆದು ಉಳಿಸಿದನೆಂದೆವು. ಕೇಳಿದವರು ಕಣ್ಣೊರೆಸಿಕೊಂಡರು. ಅದೇ ಹುರುಪಿನಲ್ಲಿ ಮಾತಾಜಿಗೂ ಹೇಳಿದೆವು: "ಅಂದು ನೀವು ಬಾರದಿದ್ದರೆ ನಾವು ಇರುತ್ತಿರಲಿಲ್ಲ." ಅವರು ಬಹಳ ಹೊತ್ತು ಸುಮ್ಮನಿದ್ದು, "ಬೇಟಾ, ನಾನು ನನ್ನ ಕೆಲಸಕ್ಕೆ ಬಂದೆ, ನೀವು ಬಾಗಿಲು ತೆರೆದಿರಿ, ಅಷ್ಟೇ. ಇದನ್ನು ಊರೆಲ್ಲ ಹೇಳಬೇಡಿ. ಮಗಳನ್ನು ಕಳೆದುಕೊಂಡ ತಾಯಿ ಕೇಳಿಸಿಕೊಂಡರೆ, ನಮ್ಮ ಮನೆಯ ಗಂಟೆಯನ್ನು ಯಾಕೆ ಯಾರೂ ಒತ್ತಲಿಲ್ಲ ಎಂದು ಕೇಳುವುದಿಲ್ಲವೇ?" ಎಂದರು.

ನಮಗೆ ಉತ್ತರ ಹೊಳೆಯಲಿಲ್ಲ. ಇಂದಿಗೂ ಹೊಳೆದಿಲ್ಲ. ಆ ಸಾಕ್ಷಿಯನ್ನು ಮತ್ತೆ ಹೇಳಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಓದಿಗೆ ಬಂದದ್ದು ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯ. ಸಭಾಮಂದಿರದ ಅಧಿಕಾರಿಯಾದ ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಯೇಸುಸ್ವಾಮಿ ಅವನ ಮನೆಗೆ ಹೊರಟಿದ್ದಾನೆ. ದಾರಿಯಲ್ಲಿ, ೧೨ ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೊಬ್ಬಳು ಹಿಂದಿನಿಂದ ಬಂದು ಉಡುಪನ್ನು ಮುಟ್ಟುತ್ತಾಳೆ. ಸ್ವಾಮಿ ನಿಂತುಬಿಡುತ್ತಾನೆ. ಶಿಷ್ಯರು ಬೇಸರಪಟ್ಟರೂ ಮುಟ್ಟಿದವರು ಯಾರೆಂದು ವಿಚಾರಿಸುತ್ತಾನೆ, ಅವಳ ಮಾತನ್ನು ಪೂರ್ತಿಯಾಗಿ ಕೇಳುತ್ತಾನೆ. ಅಷ್ಟರಲ್ಲಿ ಮಗಳು ಸತ್ತಳೆಂದು ಸುದ್ದಿ ಬರುತ್ತದೆ.

ಅದುವರೆಗೆ ನಾವು ಅದನ್ನು ಆ ಹೆಂಗಸಿನ ನಂಬಿಕೆಯ ಕಥೆಯೆಂದೇ ಓದಿದ್ದೆವು. ಅಂದು ಪಕ್ಕದಲ್ಲಿ ನಿಂತಿದ್ದ ಯಾಯೀರನು ಕಂಡ. ಒಬ್ಬರಿಗೆ ಬಾಳಿನ ಭಾಗ್ಯವಾದ ಗಳಿಗೆ ಇನ್ನೊಬ್ಬರಿಗೆ ಎದೆಯೊಡೆಯುವ ತಡ. ಮುಂದೆ ಅವನ ಮಗಳೂ ಎದ್ದಳು, ನಿಜ. ನಮ್ಮ ಮಾರ್ಕೆಟ್ಟಿನಲ್ಲಿ ಸತ್ತವರು ಏಳಲಿಲ್ಲ. ಹಾಗಿರುವಾಗ ನಡುವೆ ಬಂದ ಅಡ್ಡಿ ನಮ್ಮನ್ನು ಏನರಿಂದ ಪಾರುಮಾಡಿತೆಂದು ಲೆಕ್ಕ ಹಾಕುವುದು ನಮ್ಮ ಕೆಲಸವಲ್ಲ. ಅದು ಯಾರನ್ನು ತಂದು ನಮ್ಮೆದುರು ನಿಲ್ಲಿಸಿದೆ ಎಂಬುದಷ್ಟೇ ನಮಗೆ ಕಾಣಬೇಕಾದದ್ದು. ಸ್ವಾಮಿ ಹೆಂಗಸನ್ನು ಆತುರಪಡಿಸಲಿಲ್ಲ. ಯಾಯೀರನ ಮನೆಗೆ ಹೋಗುವುದನ್ನೂ ಬಿಡಲಿಲ್ಲ.

ಬಾಗಿಲು ತೆರೆಯದ ನಿಯಮ ಅಂದಿಗೆ ಮುಗಿಯಿತು. ಗಂಟೆ ಕೂಗಿದರೆ ಹತ್ತಿರ ಕುಳಿತವರು ಏಳುವುದು, ಉಳಿದವರು ಕಾಯುವುದು. ಒಮ್ಮೊಮ್ಮೆ ಬಂದವನು ಬರಿಯ ಚಂದಾ ಕೇಳುವವನಾಗಿರುತ್ತಿದ್ದ, ಕೋಪ ಬರುತ್ತಿತ್ತು. ನಾವೇನೂ ಸಂತರಾಗಲಿಲ್ಲ. ಆದರೆ ಓದುತ್ತಿದ್ದವರ ಬೆರಳು ಮಾತ್ರ ಪುಸ್ತಕದಲ್ಲೇ ಇರುತ್ತಿತ್ತು.

೨೦೧೨ರಲ್ಲಿ ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟೆವು. ಏಳು ಸರಕಾರಿ ಬಡಾವಣೆಗಳ ಮರುನಿರ್ಮಾಣಕ್ಕೆ ೨೦೧೬ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಸರೋಜಿನಿ ನಗರವೂ ಅವುಗಳಲ್ಲೊಂದು. ೨೦೧೮ರಲ್ಲಿ ಮೆಟ್ರೋ ಬಂತು. ಮಾತಾಜಿ ಹತ್ತಿ ಬರುತ್ತಿದ್ದ ಮೆಟ್ಟಿಲು ಈಗಿಲ್ಲ, ಅವರೂ ಇಲ್ಲ. ದ್ವಾರಕಾದ ನಮ್ಮ ಫ್ಲ್ಯಾಟಿನಲ್ಲಿ ಬಂದವರನ್ನು ಕಾವಲುಗಾರನೇ ಗೇಟಿನಲ್ಲಿ ನಿಲ್ಲಿಸುತ್ತಾನೆ. ಸಂಜೆಯ ಪ್ರಾರ್ಥನೆ ಒಂದು ಅಡ್ಡಿಯೂ ಇಲ್ಲದೆ ಸಾಗುತ್ತದೆ. ಅಷ್ಟು ನಿಶ್ಶಬ್ದ ಬೇಕೆಂದು ಹಿಂದೊಮ್ಮೆ ನಾವೇ ಬೇಡಿಕೊಂಡಿದ್ದೆವು.

ಕಳೆದ ವಾರ ಓದಿನ ನಡುವೆ ಮೊಬೈಲು ಕೂಗಿತು. ಕೆಲಸ ಸಿಕ್ಕಿ ಹೊಸದಾಗಿ ದೆಹಲಿಗೆ ಬಂದ ಹಾವೇರಿಯ ಹುಡುಗ. ಪರಿಚಿತರೊಬ್ಬರು ನಮ್ಮ ನಂಬರು ಕೊಟ್ಟಿದ್ದರಂತೆ. ಬಾಡಿಗೆಗೆ ಕೋಣೆ ಬೇಕು, ಹಿಂದಿ ಬಾರದು, ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ನಿಂತಿದ್ದೇನೆ ಎಂದ. ಅವನ ಕನ್ನಡ ಕೇಳಿ ನಮ್ಮಿಬ್ಬರ ಮುಖದಲ್ಲೂ ನಗು. ದಾರಿ ಹೇಳಿ, ಅವನು ಬಂದು, ಅವನಿಗೆ ಊಟ ಬಡಿಸಿ, ಆ ಅಧ್ಯಾಯ ಮುಗಿಸುವಾಗ ರಾತ್ರಿ ಹತ್ತೂವರೆ.