ಟಿವೊಲಿಯಲ್ಲಿ ಒಂದು ಹಗಲು

ರೋಮಿಗೆ ಹೋದವರು ಒಂದು ದಿನವನ್ನಾದರೂ ರೋಮಿನ ಹೊರಗೆ ಕಳೆಯಬೇಕೆಂಬುದು ನನ್ನ ಮತ. ಇದು ಹೊಸ ಮತವೇನೂ ಅಲ್ಲ. ನಗರದ ಧಗೆಯನ್ನೂ ರಾಜಕಾರಣದ ಗದ್ದಲವನ್ನೂ ತಾಳಲಾರದ ಪ್ರಾಚೀನ ರೋಮಿನ ಸಿರಿವಂತರು, ಪೂರ್ವಕ್ಕೆ ಸುಮಾರು 30 ಕಿಲೋಮೀಟರು ದೂರದಲ್ಲಿ, ಅನಿಯೆನೆ ನದಿಯು ಬೆಟ್ಟದಿಂದ ಧುಮುಕುವ ಟಿವೊಲಿಯಲ್ಲಿ ವಿಹಾರಗೃಹಗಳನ್ನು ಕಟ್ಟಿಕೊಂಡಿದ್ದರು. ದಾರಿಯಲ್ಲಿ ಗಂಧಕದ ಬುಗ್ಗೆಗಳ ವಾಸನೆ ಮೂಗಿಗೆ ಅಡರಿತೆಂದರೆ, ಕೊಲೋಸಿಯಮ್ಮಿಗೆ ಕಲ್ಲನ್ನೊದಗಿಸಿದ ಗಣಿಗಳ ಸೀಮೆ ಬಂತೆಂದು ತಿಳಿಯಬೇಕು.

ಇಲ್ಲಿ ನೋಡತಕ್ಕವು ಮುಖ್ಯವಾಗಿ ಎರಡು: ಬೆಟ್ಟದ ಬುಡದಲ್ಲಿ ಚಕ್ರವರ್ತಿ ಹೇಡ್ರಿಯನ್ನನ ವಿಹಾರದ ಅವಶೇಷ, ಬೆಟ್ಟದ ಮೇಲೆ ಊರೊಳಗೆ ಕಾರ್ಡಿನಲ್ ಇಪ್ಪೊಲಿತೊ ದೆಸ್ತೆಯ ಉದ್ಯಾನ. ಕಾರಂಜಿಗಳ ಆಕರ್ಷಣೆಗೆ ಸೋತು ಅನೇಕರು ಮೊದಲು ಮೇಲಕ್ಕೇ ಹೋಗುತ್ತಾರೆ, ಅದು ಸಲ್ಲದು. ಕಾರ್ಡಿನಲ್ಲನ ಶಿಲ್ಪಿ ಪಿರ್ರೊ ಲಿಗೋರಿಯೊ ಕೆಳಗಿನ ಹಾಳನ್ನು ಅಗೆಸಿ, ದೊರೆತ ಪ್ರತಿಮೆಗಳನ್ನೂ ಅಮೃತಶಿಲೆಯನ್ನೂ ಮೇಲಿನ ತೋಟದ ಶೃಂಗಾರಕ್ಕೆ ಸಾಗಿಸಿದನಾದ್ದರಿಂದ, ಆ ಕಲ್ಲುಗಳು ಏರಿದ ದಾರಿಯಲ್ಲೇ ನಾವೂ ಏರುವುದು ಯುಕ್ತ.

117ರಿಂದ 138ರವರೆಗೆ ಆಳಿದ ಹೇಡ್ರಿಯನ್ನನು ಸುಮಾರು 120 ಹೆಕ್ಟೇರುಗಳಲ್ಲಿ ಹರಡಿದ ಈ ವಿಹಾರದಲ್ಲಿ, ತನ್ನ ಸಾಮ್ರಾಜ್ಯ ಸಂಚಾರದಲ್ಲಿ ಮೆಚ್ಚಿದುದನ್ನೆಲ್ಲ ಮತ್ತೆ ಕಟ್ಟಿಸಿಕೊಂಡನಂತೆ. ನೀಳವಾದ ಕನೋಪಸ್ ಕೊಳದ ದಡದಲ್ಲಿ ಅಥೆನ್ಸಿನ ಸ್ತಂಭಕನ್ಯೆಯರ ಪ್ರತಿರೂಪಗಳೂ ಕಲ್ಲಿನದೊಂದು ಮೊಸಳೆಯೂ ಒಂದೇ ನೀರಿನಲ್ಲಿ ತಮ್ಮ ನೆರಳನ್ನು ನೋಡಿಕೊಳ್ಳುತ್ತವೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು: ವೃತ್ತಾಕಾರದ ನೀರ ಕಂದಕ, ಅದರ ನಡುವೆ ದ್ವೀಪ, ದ್ವೀಪದಲ್ಲಿ ಪುಟ್ಟ ಕೋಣೆಗಳೂ ಸ್ನಾನದ ಮನೆಯೂ ಉಳ್ಳ ಕಿರುಗೃಹ. ಅಷ್ಟು ವಿಶಾಲವಾದ ಅರಮನೆಯೊಳಗೆ ಅರಮನೆಯಿಂದಲೇ ತಪ್ಪಿಸಿಕೊಳ್ಳಲು ಅರಸನಿಗೆ ಇನ್ನೊಂದು ಮನೆ ಬೇಕಾಯಿತೆಂದರೆ, ನಮ್ಮಂಥವರು ಒಂದು ಹಗಲಿನ ರಜೆ ಬಯಸುವುದರಲ್ಲಿ ಅತಿಶಯವೇನು?

ಕಾರ್ಡಿನಲ್ಲನ ಕಥೆ ಬೇರೆ. ಪೋಪ್ ಆರನೆಯ ಅಲೆಕ್ಸಾಂಡರನ ಮೊಮ್ಮಗನೂ ಲುಕ್ರೇಜಿಯಾ ಬೋರ್ಜಿಯಾಳ ಮಗನೂ ಆದ ಇವನು ಪೋಪ್ ಪೀಠಕ್ಕೆ ಆಸೆಪಟ್ಟು, ಅದು ಕೈಗೂಡದೆ, 1550ರಲ್ಲಿ ಟಿವೊಲಿಯ ಅಧಿಕಾರವನ್ನು ಪಡೆದು ಬಂದವನು. ಪೀಠ ಸಿಗದವನು ನದಿಯನ್ನೇ ಹಿಡಿದ: ಊರ ತಳದಲ್ಲಿ ಸುರಂಗ ಕೊರೆಯಿಸಿ ಅನಿಯೆನೆಯ ನೀರನ್ನು ತೋಟಕ್ಕೆ ತಿರುಗಿಸಿದ. ಇಷ್ಟೊಂದು ಚಿಲುಮೆಗಳು ಚಿಮ್ಮುವುದಕ್ಕೆ ಪಂಪು ಬೇಕಿಲ್ಲ. ನೀರು ಇಳಿದ ಬಲವೇ ನೀರನ್ನು ಮೇಲಕ್ಕೆತ್ತುತ್ತದೆ. ‘ನೂರು ಕಾರಂಜಿ’ಗಳ ಸಾಲಿನಲ್ಲಿ ಮೃಗಮುಖಗಳ ಬಾಯಿಂದ ನೀರು ಸುರಿದೂ ಸುರಿದೂ, ಕವಿ ಓವಿಡನ ಕಥೆಗಳನ್ನು ಕೆತ್ತಿದ್ದ ಫಲಕಗಳನ್ನು ಪಾಚಿಯೂ ಜರೀಗಿಡಗಳೂ ನುಂಗಿಬಿಟ್ಟಿವೆ, ಯಾವ ದೇವತೆ ಯಾವ ಮರವಾದಳೆಂದು ಗುರುತಿಸುವುದು ಇನ್ನು ಅಸಾಧ್ಯ. ನನಗೇನೋ ಕೆತ್ತನೆಗಿಂತ ಹಸುರೇ ಚೆನ್ನೆನಿಸಿತು. ಸಂಗೀತಗಾರ ಲಿಸ್ಟ್ 1877ರಲ್ಲಿ ಈ ನೀರಾಟವನ್ನು ಪಿಯಾನೋ ಸ್ವರಗಳಲ್ಲಿ ಹಿಡಿದಿಟ್ಟನು.

ಒಂದು ಆಕ್ಷೇಪಣೆ ಮಾತ್ರ ಉಳಿದಿದೆ. ಈ ಉದ್ಯಾನದ ಮೂಲದ ಹೆಬ್ಬಾಗಿಲು ಇದ್ದುದು ತಗ್ಗಿನಲ್ಲಿ. ಅತಿಥಿಗಳು ಒಂದೊಂದೇ ಹಂತವನ್ನೇರುತ್ತ, ಪ್ರತಿ ತಿರುವಿನಲ್ಲಿಯೂ ಹೊಸ ಬೆರಗನ್ನು ಕಂಡು, ಕಡೆಗೆ ಆತಿಥೇಯನ ಸನ್ನಿಧಿಗೆ ಬರುವಂತೆ ಎಲ್ಲವನ್ನೂ ಯೋಜಿಸಲಾಗಿತ್ತು. ಈಗ ಅರಮನೆಯ ಮೂಲಕ ಮೇಲಿನಿಂದ ಒಳಬಿಡುತ್ತಾರಾಗಿ, ಇಡೀ ತೋಟವನ್ನು ನಾವು ತಲೆಕೆಳಗಾಗಿ ಓದಬೇಕಾಗಿದೆ. ಹಗಲೆಲ್ಲ ನಡೆದ ಕಾಲುಗಳಿಂದ ಅಷ್ಟೂ ಮೆಟ್ಟಿಲುಗಳನ್ನು ಕೊನೆಯಲ್ಲಿ ಹತ್ತಿಬಂದಾಗ, ಎದುರುಗೊಳ್ಳಲು ಕಾರ್ಡಿನಲ್ಲನಿರುವುದಿಲ್ಲ. ರೋಮಿನ ಬಸ್ಸಿಗೆ ಹೊತ್ತಾಗಿರುತ್ತದೆ.