ಹತ್ತು ಮಂದಿಯ ಬಾಟಲಿ

2021ರ ಕಾರಹುಣ್ಣಿವೆಗೆ ಇನ್ನೆರಡು ದಿನ ಇತ್ತು. ಶಿರಹಟ್ಟಿ ದಾಟಿ ಲಕ್ಷ್ಮೇಶ್ವರದ ಕಡೆ ಹೋಗುವಾಗ ಸಿಗುವ ಊರು ನಮ್ಮದು. ಕೊರೊನಾದ ಎರಡನೆಯ ಅಲೆ ಆಗಷ್ಟೇ ಇಳಿದಿತ್ತು. ಆಂಬುಲೆನ್ಸಿನಲ್ಲಿ ಗದಗಿಗೆ ಹೋದವರ ಸುದ್ದಿ ಕೇಳಲೂ ಅಂಜುವ ಕಾಲ. ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಸೂಜಿ ಪುಕ್ಕಟೆ ಎಂದು ಸರ್ಕಾರ ಸಾರಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನವರು ಪಾಳಿ ಹಚ್ಚಿದರೂ ಸಿಗದಿದ್ದ ಕೋವಿಶೀಲ್ಡ್, ನೀಲಿ ಪೆಟ್ಟಿಗೆಯಲ್ಲಿ ನಮ್ಮೂರ ಸಾಲಿಯ ಪಡಸಾಲೆಗೇ ಬಂದು ಕುಂತಿತ್ತು. ಮಂದಿ ಮಾತ್ರ ಇರಲಿಲ್ಲ.

ಒಂದು ಬಾಟಲಿಯಲ್ಲಿ ಹತ್ತು ಮಂದಿಗೆ ಆಗುವಷ್ಟು ಔಷಧ. ಒಮ್ಮೆ ತೆರೆದರೆ ನಾಲ್ಕು ತಾಸಿನೊಳಗೆ ಮುಗಿಯಬೇಕು, ಉಳಿದದ್ದನ್ನು ಚೆಲ್ಲಬೇಕು. ಬಂದವರು ಐದೇ ಜನ. ಸೂಜಿ ಹಾಕುವ ಸಿಸ್ಟರ್ ಬಾಟಲಿ ಮುಟ್ಟದೆ ಕುಂತಿದ್ದರು. ಆಶಾ ಕಾರ್ಯಕರ್ತೆಯ ಜೊತೆ ನಾನೂ ಓಣಿ ಓಣಿ ತಿರುಗಿದೆ. ‘ಮನ್ಯಾಗ ಯಾರೂ ಇಲ್ರಿ, ಹೊಲಕ್ಕ ಹೋಗ್ಯಾರ’ ಅನ್ನುವ ದನಿ ಬಾಗಿಲ ಒಳಗಿನಿಂದಲೇ ಬರುತ್ತಿತ್ತು. ಮಕ್ಕಳಾಗೂದಿಲ್ಲವಂತ, ಎರಡು ವರ್ಷಕ್ಕೆ ಸಾಯ್ತಾರಂತ ಎಂದು ಮೊಬೈಲಿನಲ್ಲಿ ಬಂದದ್ದೆಲ್ಲ ನಮ್ಮ ಓಣಿಯಲ್ಲೂ ಓಡಾಡುತ್ತಿತ್ತು. ಆದರೆ ಕೂಲಿ ಮಾಡುವವರ ಚಿಂತೆ ಬೇರೆಯೇ ಇತ್ತು. ಮುಂಗಾರು ಬಿದ್ದು ಬಿತ್ತಿಗೆ ಭರದಿಂದ ನಡೆದಿತ್ತು, ಎರಡು ದಿನ ಜ್ವರ ಬಂದು ಮಲಗಿದರೆ ಪಗಾರ ಕೊಡುವವರು ಯಾರು? ಇದನ್ನು ಮೂಢತನ ಅಂದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಎಲ್ಲಕ್ಕಿಂತ ದೊಡ್ಡ ಮಾತು ನಮ್ಮ ದೊಡ್ಡವ್ವನ ಬಾಯಲ್ಲಿತ್ತು. ಸೆರಗು ಸಿಗಿಸಿಕೊಂಡು ಸಾಲಿಗೇ ಬಂದಳು. ‘ಯವ್ವಾ, ಕೆಳಗಿನ ಓಣಿ ಹಿರ್ಯಾ ಸೂಜಿ ಮಾಡಿಸಿಕೊಂಡ ಐದು ದಿನಕ್ಕ ಸತ್ತ. ಹೌದಿಲ್ಲೋ?’

ಸುತ್ತ ನಿಂತವರು ಉಸಿರು ಬಿಗಿಹಿಡಿದರು. ಸಿಸ್ಟರ್ ‘ಹೌದವ್ವಾ, ಸತ್ರು’ ಅಂದರು.

ತಕರಾರು ಮಾಡುತ್ತಾರೆ ಅಂದುಕೊಂಡಿದ್ದ ದೊಡ್ಡವ್ವ ಕಟ್ಟೆಯ ಮೇಲೆ ಕುಂತಳು. ಸಿಸ್ಟರ್ ಸಾವಕಾಶ ಹೇಳಿದರು: ಸೂಜಿ ಹಾಕಿದ ದಿನವೇ ಮೈಗೆ ಬಲ ಬರುವುದಿಲ್ಲ, ಎರಡು ಮೂರು ವಾರ ಬೇಕು, ಅಷ್ಟರೊಳಗೆ ರೋಗ ಹೊಕ್ಕರೆ ಸೂಜಿ ತಡೆಯಲಾರದು. ಆ ಹಿರಿಯರಿಗೆ ಮೊದಲೇ ಕೆಮ್ಮಿತ್ತು ಎಂದು ಗುಂಪಿನಲ್ಲಿದ್ದ ಅವರ ಸೊಸೆಯೇ ಮೆಲ್ಲಗೆ ಹೇಳಿದಳು. ‘ಆದ್ರೂ ಸೂಜಿಯಿಂದ ಅಲ್ಲಾ ಅಂತ ನಾ ಆಣಿ ಮಾಡಂಗಿಲ್ಲ. ಸೂಜಿ ಆದ ಮ್ಯಾಲೆ ಯಾರರ ಸತ್ರ ವರದಿ ಕಳಿಸ್ತೀವಿ, ಜಿಲ್ಲಾದಾಗಿನ ಡಾಕ್ಟರ್ ಕಮಿಟಿ ನೋಡತೈತಿ. ಜ್ವರ ಮಾತ್ರ ಬರತೈತಿ, ಕೈ ನೋಯತೈತಿ. ಗುಳಿಗಿ ಕೊಡ್ತೀನಿ. ನಾಳೆ ಬಿತ್ತಾಕ ಹೋಗೂದು ಇದ್ದವರು ಇವತ್ತ ಬ್ಯಾಡ, ಮುಂದಿನ ಸಲ ಬರ್ರಿ.’

ಬರಬೇಡಿ ಅಂದ ಸರ್ಕಾರಿ ಮನುಷ್ಯರನ್ನು ನಮ್ಮ ಮಂದಿ ಅದೇ ಮೊದಲು ಕಂಡದ್ದು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ದೊಡ್ಡವ್ವ ತನ್ನ ಅತ್ತೆಯಿಂದ ಕೇಳಿದ್ದಳು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಫ್‌ಕಿನ್ ಕಂಡುಹಿಡಿದ ಪ್ಲೇಗಿನ ಲಸಿಕೆ ಚುಚ್ಚಿದ್ದರು, ಆಗಲೂ ಹಿಂಗೇ ಅಂಜಿದ್ದರು ಎಂದು ನಾನು ಹೇಳಹೊರಟೆ. ಆಕೆ ಕೇಳಲಿಲ್ಲ, ರಟ್ಟೆ ಮುಂದೆ ಮಾಡಿ ಖುರ್ಚಿಯ ಮೇಲೆ ಕುಂತೇಬಿಟ್ಟಿದ್ದಳು. ಆಕೆಯ ಹಿಂದೆ ಸೊಸೆ, ಸೊಸೆಯ ಹಿಂದೆ ನೆರೆಮನೆಯವರು. ಹತ್ತು ಮಂದಿ ಆದದ್ದೇ ಬಾಟಲಿ ತೆರೆಯಿತು. ಸೂಜಿಯಾದವರು ಅರ್ಧ ತಾಸು ಪಡಸಾಲೆಯಲ್ಲೇ ಕುಂತರು. ಸಂಜೆಯೊಳಗೆ ಎರಡನೆಯ ಬಾಟಲಿಯೂ ಖಾಲಿ.

ರಾತ್ರಿ ದೊಡ್ಡವ್ವನಿಗೆ ಮೈ ಸುಡುವ ಜ್ವರ. ‘ಬಾಯಾರು ಹೇಳಿದಂಗ ಬಂತು, ಹೇಳಿದಂಗ ಹೋತು’ ಎಂದು ಮೂರನೆಯ ದಿನ ನೀರಿನ ನಳದ ಹತ್ತಿರ ನಿಂತು ಸಾರಿದಳು. ಏನೂ ಆಗೂದಿಲ್ಲ ಎಂದು ಸಿಸ್ಟರ್ ಅವತ್ತು ಪುಸಲಾಯಿಸಿದ್ದರೆ ಅದೇ ಜ್ವರ ಊರೆಲ್ಲ ಬಾಗಿಲು ಹಾಕಿಸುತ್ತಿತ್ತು. ಎಂಬತ್ತನಾಲ್ಕು ದಿನ ಕಳೆದು, ಗಣಪತಿ ಹಬ್ಬದ ಬೆನ್ನಿಗೆ, ಎರಡನೆಯ ಸೂಜಿಗೆ ಆಕೆಯೇ ಮುಂದೆ ನಿಂತು ಪಾಳಿ ಹಚ್ಚಿಸಿದಳು.

2024ರ ಬೇಸಿಗೆಯಲ್ಲಿ ಟಿವಿಯವರು ಮತ್ತೆ ಗದ್ದಲ ಎಬ್ಬಿಸಿದರು. ಈ ಲಸಿಕೆಯಿಂದ ತೀರ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಎಂದು ಕೋವಿಶೀಲ್ಡಿನ ಮೂಲ ಕಂಪನಿ ಆಸ್ಟ್ರಾಜೆನೆಕಾ ಇಂಗ್ಲೆಂಡಿನ ಕೋರ್ಟಿನಲ್ಲಿ ಒಪ್ಪಿಕೊಂಡಿತ್ತು. ದೊಡ್ಡವ್ವ ನನ್ನ ಕೈಯಿಂದ ಸಿಸ್ಟರಿಗೆ ಫೋನ್ ಹಚ್ಚಿಸಿದಳು. ‘ಅದು ಖರೇನ ಅವ್ವಾ. ಲಕ್ಷಾಂತರ ಮಂದ್ಯಾಗ ಒಬ್ಬಿಬ್ಬರಿಗೆ, ಅದೂ ಹೆಚ್ಚಾಗಿ ಮೊದಲ ಒಂದೂವರೆ ತಿಂಗಳದಾಗ. ನಿಮ್ಮದು ಮೂರು ವರ್ಷ ಆತು’ ಅಂದರು ಆಕೆ. ದೊಡ್ಡವ್ವ ‘ಹಂಗಾರ ಆತು’ ಎಂದು, ಮರಿಮೊಮ್ಮಗಳಿಗೆ ದಡಾರದ ಸೂಜಿ ಯಾವ ಗುರುವಾರ ಎಂದು ಕೇಳಿದಳು.